ನಿಯೋಪ್ರೀನ್ ರಬ್ಬರಿನ ಹಿಂದಿದ್ದ ಧರ್ಮಗುರು: ವಂದನೀಯ ಜೂಲಿಯಸ್ ನ್ಯೂಲ್ಯಾಂಡ್

ವಾಹನದ ಫ್ಯಾನ್ ಬೆಲ್ಟ್, ಎಣ್ಣೆ ಹಾಯುವ ಕಪ್ಪು ಹೋಸ್ ಪೈಪ್, ದೊಡ್ಡ ಸೇತುವೆಗಳ ಗರ್ಡರ್ ಕೆಳಗೆ ಇಡುವ ದಪ್ಪ ರಬ್ಬರ್ ಪ್ಯಾಡ್, ಸಮುದ್ರದಲ್ಲಿ ಮುಳುಗು ಹಾಕುವವರ ಮೈಗಂಟುವ ಉಡುಪು. ಇವುಗಳಲ್ಲೆಲ್ಲ ಬಳಕೆಯಾಗುತ್ತಾ ಬಂದ ಒಂದು ಕೃತಕ ರಬ್ಬರಿನ ಹೆಸರು ನಿಯೋಪ್ರೀನ್. ಈ ರಬ್ಬರಿಗೆ ದಾರಿ ತೆರೆದವರು ಒಬ್ಬ ಕಥೋಲಿಕ ಧರ್ಮಗುರು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಹೋಲಿಕ್ರಾಸ್ ಸಂಸ್ಥೆಯ ವಂ. ಜೂಲಿಯಸ್ ಆರ್ಥರ್ ನ್ಯೂಲ್ಯಾಂಡ್ ಅವರ ಜೀವನವನ್ನು ಓದುಗರಿಗೆ ಪರಿಚಯಿಸಲು ನಾವು ಇಲ್ಲಿ ಬಯಸುತ್ತೇವೆ. ಅವರ ಬದುಕನ್ನು ತಿಳಿಯಬೇಕಾದರೆ ರಬ್ಬರ್ ಎಂಬ ವಸ್ತು ಎಳೆದರೆ ಏಕೆ ಹಿಗ್ಗುತ್ತದೆ, ಬಿಟ್ಟರೆ ಏಕೆ ಮರಳುತ್ತದೆ ಎಂಬುದನ್ನೂ ಸ್ವಲ್ಪ ತಿಳಿಯಬೇಕು. ಆದ್ದರಿಂದ ಎರಡನ್ನೂ ಜೊತೆಯಾಗಿಯೇ ಹೇಳುತ್ತೇವೆ.

ಬಾಲ್ಯ ಮತ್ತು ದೇವಕರೆ

ಜೂಲಿಯಸ್ ಅವರು 1878ರ ಫೆಬ್ರವರಿ 14ರಂದು ಬೆಲ್ಜಿಯಂ ದೇಶದ ಗೆಂಟ್ ನಗರದ ಸಮೀಪವಿರುವ ಹಾನ್ಸ್‌ಬೆಕೆ ಎಂಬ ಊರಿನಲ್ಲಿ ಜನಿಸಿದರು. ಹೆತ್ತವರು ಫ್ಲೆಮಿಶ್ ಭಾಷಿಕರು. ಮಗುವಿಗೆ ಎರಡು ವರ್ಷವಾದಾಗ, 1880ರಲ್ಲಿ, ಕುಟುಂಬವು ಅಮೆರಿಕಕ್ಕೆ ವಲಸೆ ಹೋಗಿ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಪಟ್ಟಣದಲ್ಲಿ ನೆಲೆಸಿತು. ಆ ಪಟ್ಟಣದ ಪಕ್ಕದಲ್ಲೇ ಹೋಲಿಕ್ರಾಸ್ ಗುರುಗಳು 1842ರಲ್ಲಿ ಸ್ಥಾಪಿಸಿದ ನೊಟ್ರೆಡೇಮ್ ವಿದ್ಯಾಸಂಸ್ಥೆ ಇತ್ತು. ಹುಡುಗ ಅಲ್ಲಿಯೇ ಓದಿ 1899ರಲ್ಲಿ ಪದವಿ ಪಡೆದರು. ಹೋಲಿಕ್ರಾಸ್ ಸಂಸ್ಥೆಯನ್ನು ಸೇರಿ, ಬಡತನ, ಬ್ರಹ್ಮಚರ್ಯ, ವಿಧೇಯತೆಗಳ ವ್ರತ ಸ್ವೀಕರಿಸಿ, 1903ರಲ್ಲಿ ಗುರುದೀಕ್ಷೆ ಪಡೆದರು.

ಮೇಲಧಿಕಾರಿಗಳು ಅವರನ್ನು ಉನ್ನತ ವ್ಯಾಸಂಗಕ್ಕಾಗಿ ವಾಷಿಂಗ್ಟನ್ನಿನ ಕಥೋಲಿಕ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಿದರು. ಅಲ್ಲಿ ಅವರು ಆರಿಸಿಕೊಂಡ ವಿಷಯ ಅಸಿಟಿಲೀನ್. ನಮ್ಮ ವೆಲ್ಡಿಂಗ್ ಅಂಗಡಿಗಳಲ್ಲಿ ಉರಿಯುವ ಅನಿಲವೇ ಇದು. ಕಾರ್ಬೈಡ್ ಕಲ್ಲಿಗೆ ನೀರು ಬಿದ್ದರೆ ಹೊರಡುತ್ತದೆ. ಎರಡು ಕಾರ್ಬನ್, ಎರಡು ಹೈಡ್ರೋಜನ್ ಪರಮಾಣುಗಳು ಮಾತ್ರ ಇರುವ ಈ ಸಣ್ಣ ಅಣು ಬೇರೆ ವಸ್ತುಗಳೊಡನೆ ಬೇಗನೆ ಬೆರೆಯುವ ಗುಣದ್ದು. ಅದು ಯಾವುದರೊಂದಿಗೆ ಸೇರಿದರೆ ಏನಾಗುತ್ತದೆ ಎಂಬುದೇ ಅವರ ಮಹಾಪ್ರಬಂಧದ ವಿಷಯವಾಗಿತ್ತು. 1904ರಲ್ಲಿ ಅವರಿಗೆ ಡಾಕ್ಟರೇಟ್ ದೊರೆಯಿತು.

ಬಿಟ್ಟುಬಿಟ್ಟ ಒಂದು ಪ್ರಯೋಗ

ಈ ವ್ಯಾಸಂಗದ ಕಾಲದಲ್ಲೇ ಒಂದು ಘಟನೆ ನಡೆಯಿತು. ಅಸಿಟಿಲೀನನ್ನು ಆರ್ಸೆನಿಕ್ ಸೇರಿದ ಒಂದು ರಾಸಾಯನಿಕದೊಂದಿಗೆ ಬೆರೆಸಿದಾಗ ಕಪ್ಪಾದ, ಅಂಟಾದ, ಅತಿ ವಿಷಕಾರಿ ವಸ್ತುವೊಂದು ಉಂಟಾಯಿತು. ಅದರ ಆವಿಯಿಂದ ಯುವ ಗುರುಗಳು ಕಾಯಿಲೆ ಬಿದ್ದರು. ಚೇತರಿಸಿಕೊಂಡ ಮೇಲೆ ಅವರು ಆ ಪ್ರಯೋಗವನ್ನು ಮತ್ತೆ ಮುಟ್ಟಲಿಲ್ಲ. ಆದರೆ ಕಂಡದ್ದನ್ನು ಮಹಾಪ್ರಬಂಧದಲ್ಲಿ ದಾಖಲಿಸಿದ್ದರು.

ಆ ದಾಖಲೆ ಗ್ರಂಥಾಲಯದಲ್ಲೇ ಉಳಿದಿತ್ತು. ಮೊದಲನೆಯ ಮಹಾಯುದ್ಧ ಬಂತು. 1915ರ ಏಪ್ರಿಲಿನಲ್ಲಿ ಬೆಲ್ಜಿಯಂನ ಈಪ್ರ್ ಪಟ್ಟಣದ ಬಳಿ ಜರ್ಮನ್ ಸೇನೆ ಕ್ಲೋರಿನ್ ಅನಿಲವನ್ನು ಬಿಟ್ಟಿತು. ಅದು ವಂ. ನ್ಯೂಲ್ಯಾಂಡ್ ಅವರು ಹುಟ್ಟಿದ ಫ್ಲಾಂಡರ್ಸ್ ನಾಡೇ. 1918ರಲ್ಲಿ ಅಮೆರಿಕದ ಸೇನೆಗಾಗಿ ವಿಷಾನಿಲಗಳನ್ನು ಹುಡುಕುತ್ತಿದ್ದ ವಿನ್‌ಫರ್ಡ್ ಲೂಯಿಸ್ ಎಂಬ ರಸಾಯನಶಾಸ್ತ್ರಜ್ಞರ ಗಮನಕ್ಕೆ ಅದೇ ಮಹಾಪ್ರಬಂಧ ಬಂತು. ಯುವ ಗುರು ಕೈಬಿಟ್ಟ ವಸ್ತುವನ್ನು ಲೂಯಿಸ್ ಶುದ್ಧೀಕರಿಸಿದರು. ಅದಕ್ಕೆ ಲೂಯಿಸೈಟ್ ಎಂಬ ಹೆಸರು ಬಂತು. ಕಾರ್ಖಾನೆಯಲ್ಲಿ ತಯಾರಿಕೆಯೂ ಆರಂಭವಾಯಿತು. ಆದರೆ ರಣರಂಗದಲ್ಲಿ ಬಳಸುವ ಮೊದಲೇ, ಅದೇ ವರ್ಷದ ನವೆಂಬರಿನಲ್ಲಿ, ಯುದ್ಧ ಮುಗಿಯಿತು.

ಒಂದೇ ಮೇಜಿನ ಮೇಲೆ, ಒಂದೇ ಅನಿಲದಿಂದ, ಒಬ್ಬರೇ ಮನುಷ್ಯರ ಕೈಯಲ್ಲಿ ಎರಡು ದಾರಿಗಳು ತೆರೆದಿದ್ದವು. ಒಂದು ಕೊಲ್ಲುವ ದಾರಿ, ಇನ್ನೊಂದು ಉಪಕಾರದ ದಾರಿ. ಮೊದಲನೆಯದನ್ನು ತಾನು ಮುಂದುವರಿಸುವುದಿಲ್ಲ ಎಂದು ನಿರ್ಧರಿಸಲು ಅವರಿಗೆ ಸಾಧ್ಯವಾಯಿತು. ಆದರೆ ಬರೆದಿಟ್ಟದ್ದನ್ನು ಬೇರೆಯವರು ಏನು ಮಾಡುತ್ತಾರೆ ಎಂಬುದು ಅವರ ಕೈಯಲ್ಲಿರಲಿಲ್ಲ. ವಿಜ್ಞಾನದ ಕೆಲಸದಲ್ಲಿರುವವರು ಇಂದಿಗೂ ಎದುರಿಸುವ ಸಂಕಟವಿದು.

ಗಿಡಮೂಲಿಕೆಗಳ ನಡುವೆ ಹದಿನಾಲ್ಕು ವರ್ಷ

1904ರಲ್ಲಿ ನೊಟ್ರೆಡೇಮಿಗೆ ಮರಳಿದಾಗ ಅವರಿಗೆ ಸಿಕ್ಕ ಕೆಲಸ ರಸಾಯನಶಾಸ್ತ್ರವಲ್ಲ, ಸಸ್ಯಶಾಸ್ತ್ರ. ಅವರು ಅದನ್ನು ಬೇಸರವಿಲ್ಲದೆ ವಹಿಸಿಕೊಂಡು 1918ರವರೆಗೆ ಬೋಧಿಸಿದರು. ಸುತ್ತಲಿನ ಕಾಡು, ಹೊಲ, ಜೌಗು ಪ್ರದೇಶಗಳಲ್ಲಿ ಅಲೆದು ಗಿಡಗಳನ್ನು ಸಂಗ್ರಹಿಸಿದರು. 1909ರಲ್ಲಿ ಅವರು ಸ್ಥಾಪಿಸಿದ ‘ಅಮೆರಿಕನ್ ಮಿಡ್‌ಲ್ಯಾಂಡ್ ನ್ಯಾಚುರಲಿಸ್ಟ್’ ಎಂಬ ಪತ್ರಿಕೆ ಅವರು ತೀರಿಹೋಗಿ ಎಷ್ಟೋ ದಶಕಗಳ ನಂತರವೂ ನಡೆದುಬಂದಿದೆ. ಅವರ ಸಸ್ಯಸಂಗ್ರಹವು ನೊಟ್ರೆಡೇಮಿನಲ್ಲಿ ಗ್ರೀನ್-ನ್ಯೂಲ್ಯಾಂಡ್ ಸಸ್ಯಾಗಾರ ಎಂಬ ಹೆಸರಿನಲ್ಲಿ ಉಳಿದಿದೆ.

ಹಗಲು ಸಸ್ಯಶಾಸ್ತ್ರದ ಪಾಠವಿದ್ದರೂ ಅಸಿಟಿಲೀನನ್ನು ಅವರು ಬಿಡಲಿಲ್ಲ. 1906ರಲ್ಲಿ ತಾಮ್ರದ ಲವಣ ಕರಗಿಸಿದ ದ್ರಾವಣದ ಮೂಲಕ ಅಸಿಟಿಲೀನನ್ನು ಹಾಯಿಸಿದಾಗ ಅವರಿಗೆ ಹೊಸ ಬಗೆಯ ವಾಸನೆ ಗೋಚರಿಸಿತು. ಅಲ್ಲಿ ಏನೋ ಒಂದು ಹೊಸ ವಸ್ತು ಹುಟ್ಟುತ್ತಿದೆ ಎಂದು ಅವರಿಗೆ ಖಚಿತವಾಯಿತು. ಆದರೆ ಅದು ಸಿಗುತ್ತಿದ್ದುದು ಅತ್ಯಲ್ಪ ಪ್ರಮಾಣದಲ್ಲಿ. ಅದನ್ನು ಕೈಗೆ ಸಿಗುವಷ್ಟು ತಯಾರಿಸಿ ಗುರುತಿಸಲು ಸುಮಾರು ಹದಿನಾಲ್ಕು ವರ್ಷ ಹಿಡಿಯಿತು. ಕೊನೆಗೆ ಮೂರು ಅಸಿಟಿಲೀನ್ ಅಣುಗಳು ಒಂದಾಗಿ ಡೈವಿನೈಲ್ ಅಸಿಟಿಲೀನ್ ಎಂಬ ದ್ರವ ಆಗುತ್ತಿದೆ ಎಂದು ತಿಳಿದುಬಂತು. ಅದನ್ನು ಗಂಧಕ ಸೇರಿದ ರಾಸಾಯನಿಕದೊಂದಿಗೆ ಬೆರೆಸಿದರೆ ರಬ್ಬರಿನಂತೆ ಹಿಗ್ಗುವ ವಸ್ತು ಸಿಗುತ್ತಿತ್ತು. ಆದರೆ ಉಪಯೋಗಕ್ಕೆ ಬರುವಷ್ಟು ಬಾಳಿಕೆ ಅದಕ್ಕಿರಲಿಲ್ಲ.

ಅಮೆರಿಕದ ಫುಟ್‌ಬಾಲಿನಲ್ಲಿ ದೊಡ್ಡ ಹೆಸರು ಮಾಡಿದ ಕ್ನೂಟ್ ರಾಕ್ನಿ ಅವರೂ ಇದೇ ಪ್ರಯೋಗಾಲಯದಲ್ಲಿ ವಂ. ನ್ಯೂಲ್ಯಾಂಡ್ ಅವರ ವಿದ್ಯಾರ್ಥಿಯಾಗಿ, ನಂತರ ಸಹಾಯಕರಾಗಿ ಕೆಲಸ ಮಾಡಿದವರು. ರಾಕ್ನಿ ಕೊನೆಗೆ ರಸಾಯನಶಾಸ್ತ್ರವನ್ನು ಬಿಟ್ಟು ಆಟದ ಮೈದಾನವನ್ನು ಆರಿಸಿಕೊಂಡರು. ಗುರುಗಳು ಪ್ರಯೋಗಾಲಯದಲ್ಲಿ ಉಳಿದರು. 1918ರಿಂದ ಅವರು ಸಾವಯವ ರಸಾಯನಶಾಸ್ತ್ರದ ಪ್ರಾಧ್ಯಾಪಕರಾದರು.

ಡುಪಾಂಟ್ ಕಂಪನಿಯ ಭೇಟಿ

1925ರ ಡಿಸೆಂಬರಿನಲ್ಲಿ ನ್ಯೂಯಾರ್ಕ್ ರಾಜ್ಯದ ರೊಚೆಸ್ಟರ್ ನಗರದಲ್ಲಿ ಸಾವಯವ ರಸಾಯನಶಾಸ್ತ್ರಜ್ಞರ ಸಮ್ಮೇಳನ ನಡೆಯಿತು. ಅಲ್ಲಿ ವಂ. ನ್ಯೂಲ್ಯಾಂಡ್ ತಮ್ಮ ಅಸಿಟಿಲೀನ್ ಪ್ರಯೋಗಗಳನ್ನು ವಿವರಿಸಿದರು. ಕೇಳುಗರಲ್ಲಿ ಡುಪಾಂಟ್ ಕಂಪನಿಯ ಎಲ್ಮರ್ ಬೋಲ್ಟನ್ ಇದ್ದರು. ಕೃತಕ ರಬ್ಬರಿಗಾಗಿ ಹುಡುಕುತ್ತಿದ್ದ ಬೋಲ್ಟನ್ ಅವರಿಗೆ ಇದು ತಾವು ಅರಸುತ್ತಿದ್ದ ದಾರಿ ಎನ್ನಿಸಿತು. ಅಲ್ಲಿಂದ ನೊಟ್ರೆಡೇಮ್ ಮತ್ತು ಡುಪಾಂಟ್ ನಡುವೆ ಸಹಕಾರ ಆರಂಭವಾಯಿತು.

ಡುಪಾಂಟಿನಲ್ಲಿ ವಾಲೇಸ್ ಕೆರೋದರ್ಸ್ ಎಂಬ ಪ್ರತಿಭಾವಂತರು 1928ರಿಂದ ಸಂಶೋಧನಾ ತಂಡವೊಂದನ್ನು ನಡೆಸುತ್ತಿದ್ದರು. ನೈಲಾನ್ ಕಂಡುಹಿಡಿದವರೂ ಇವರೇ. 1930ರ ಏಪ್ರಿಲಿನಲ್ಲಿ ಆ ತಂಡದ ಆರ್ನಲ್ಡ್ ಕಾಲಿನ್ಸ್, ವಂ. ನ್ಯೂಲ್ಯಾಂಡ್ ಅವರ ವಿಧಾನದಿಂದ ಬಂದ ದ್ರವಗಳನ್ನು ಶುದ್ಧೀಕರಿಸುತ್ತಿದ್ದಾಗ ಗೊತ್ತಿಲ್ಲದ ಒಂದು ದ್ರವವನ್ನು ಬೇರ್ಪಡಿಸಿ ಬದಿಗಿಟ್ಟರು. ಅದು ತಾನಾಗಿಯೇ ಗಟ್ಟಿಯಾಯಿತು. ಕೆಳಗೆ ಬಿಟ್ಟಾಗ ಪುಟಿಯಿತು. ಆ ದ್ರವದ ಹೆಸರು ಕ್ಲೋರೋಪ್ರೀನ್. ಎರಡು ಅಸಿಟಿಲೀನ್ ಅಣುಗಳು ಒಂದಾಗಿ, ಅದಕ್ಕೆ ಹೈಡ್ರೋಜನ್ ಕ್ಲೋರೈಡ್ ಸೇರಿದರೆ ಕ್ಲೋರೋಪ್ರೀನ್ ಆಗುತ್ತದೆ. 1931ರ ನವೆಂಬರಿನಲ್ಲಿ ಕಂಪನಿಯು ಈ ಹೊಸ ರಬ್ಬರನ್ನು ಡುಪ್ರೀನ್ ಎಂಬ ಹೆಸರಿನಲ್ಲಿ ಪ್ರಕಟಿಸಿತು. ಮುಂದೆ ಅದೇ ನಿಯೋಪ್ರೀನ್ ಆಯಿತು. ಆ ವಿಷಯದ ಪ್ರಬಂಧಮಾಲೆಯಲ್ಲಿ ಮೊದಲನೆಯದು ವಂ. ನ್ಯೂಲ್ಯಾಂಡ್ ಮತ್ತು ಡುಪಾಂಟ್ ಸಹೋದ್ಯೋಗಿಗಳದು, ಎರಡನೆಯದು ಕೆರೋದರ್ಸ್ ತಂಡದ್ದು.

ರಬ್ಬರ್ ಏಕೆ ಮರಳುತ್ತದೆ?

ಇಲ್ಲಿ ನಾವು ಸ್ವಲ್ಪ ನಿಂತು ರಬ್ಬರಿನ ಒಳಗೆ ಇಣುಕಬೇಕು. ಪಾಲಿಮರ್ ಎಂದರೆ ಸಣ್ಣ ಅಣುಗಳು ಮಣಿಸರದಂತೆ ಒಂದಕ್ಕೊಂದು ಜೋಡಿಕೊಂಡ ಉದ್ದನೆಯ ಸರಪಳಿ. ಒಂದು ಸರಪಳಿಯಲ್ಲಿ ಸಾವಿರಾರು ಕೊಂಡಿಗಳಿರುತ್ತವೆ. 1906ರಲ್ಲಿ ವಂ. ನ್ಯೂಲ್ಯಾಂಡ್ ಹೊಸ ವಾಸನೆಯ ಬೆನ್ನು ಹತ್ತಿದಾಗ ಈ ಚಿತ್ರ ಯಾರಿಗೂ ಸ್ಪಷ್ಟವಿರಲಿಲ್ಲ. 1920ರಲ್ಲಿ ಜರ್ಮನಿಯ ಹರ್ಮನ್ ಸ್ಟೌಡಿಂಗರ್ ಇದನ್ನು ಪ್ರತಿಪಾದಿಸಿದಾಗ ಅನೇಕ ವಿದ್ವಾಂಸರು ಒಪ್ಪಲಿಲ್ಲ. 1953ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ರಬ್ಬರಿನ ಒಳಗೆ ಈ ಸರಪಳಿಗಳು ಬೇಯಿಸಿದ ಶ್ಯಾವಿಗೆಯಂತೆ ಒಂದರೊಳಗೊಂದು ಸುತ್ತಿಕೊಂಡಿರುತ್ತವೆ. ಸುಮ್ಮನೆ ಇರುವುದೂ ಇಲ್ಲ. ಶಾಖದಿಂದಾಗಿ ಸದಾ ಹೊರಳುತ್ತಾ, ತಿರುಚುತ್ತಾ ಇರುತ್ತವೆ. ನಾವು ಎಳೆದಾಗ ಸರಪಳಿಗಳು ನೀಳವಾಗುತ್ತವೆ. ಬಿಟ್ಟಾಗ ಶಾಖದ ಚಲನೆ ಅವುಗಳನ್ನು ಮತ್ತೆ ಮುದುಡಿದ ಸ್ಥಿತಿಗೆ ತರುತ್ತದೆ. ಎಳೆತಕ್ಕೆ ಒಳಗಾದ ಸರಪಳಿ ಹೀಗೆ ತನ್ನ ಸಹಜ ಸ್ಥಿತಿಗೆ ಬರುವುದನ್ನು ವಿಜ್ಞಾನಿಗಳು ರಿಲ್ಯಾಕ್ಸೇಶನ್ ಎನ್ನುತ್ತಾರೆ. ನಾವು ಅದನ್ನು ಸಡಿಲಗೊಳ್ಳುವಿಕೆ ಎನ್ನಬಹುದು. ಇದಕ್ಕೆ ಎಷ್ಟು ಹೊತ್ತು ಬೇಕು ಎಂಬುದೇ ಮುಖ್ಯ ಪ್ರಶ್ನೆ. ಆ ಹೊತ್ತನ್ನು ತೀರ್ಮಾನಿಸುವುದು ಅಣುವಿನ ರಚನೆ.

ಮೂರು ರಬ್ಬರುಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಮೂರಕ್ಕೂ ಬೆನ್ನೆಲುಬು ಹೆಚ್ಚುಕಡಿಮೆ ಒಂದೇ. ನಾಲ್ಕು ಕಾರ್ಬನ್‌ಗಳ ಒಂದು ಕೊಂಡಿ ಮತ್ತೆ ಮತ್ತೆ ಬರುತ್ತದೆ. ವ್ಯತ್ಯಾಸವಿರುವುದು ಒಂದು ಬದಿಯಲ್ಲಿ ತೂಗುವ ಗುಂಪಿನಲ್ಲಿ. ಅಲ್ಲಿ ಬರಿಯ ಹೈಡ್ರೋಜನ್ ಇದ್ದರೆ ಅದು ಪಾಲಿಬ್ಯುಟಡೈಯೀನ್. ಮೀಥೈಲ್ ಗುಂಪು ಇದ್ದರೆ ಅದು ಬೆಳ್ತಂಗಡಿ, ಸುಳ್ಯದ ತೋಟಗಳಲ್ಲಿ ಟ್ಯಾಪಿಂಗ್ ಮಾಡಿ ತೆಗೆಯುವ ಸಹಜ ರಬ್ಬರ್. ಕ್ಲೋರಿನ್ ಇದ್ದರೆ ನಿಯೋಪ್ರೀನ್. ತಣಿಸುತ್ತಾ ಹೋದರೆ ಪ್ರತಿಯೊಂದು ರಬ್ಬರೂ ಒಂದು ಹಂತದಲ್ಲಿ ಗಾಜಿನಂತೆ ಗಡುಸಾಗುತ್ತದೆ. ಆಗ ಕೊಂಡಿಗಳ ಹೊರಳಾಟ ನಿಂತಂತೆಯೇ. ಪಾಲಿಬ್ಯುಟಡೈಯೀನಿಗೆ ಆ ಹಂತ ಸೊನ್ನೆಗಿಂತ ಸುಮಾರು 100 ಡಿಗ್ರಿ ಸೆಲ್ಸಿಯಸ್ ಕೆಳಗೆ, ಸಹಜ ರಬ್ಬರಿಗೆ ಸುಮಾರು 70 ಡಿಗ್ರಿ ಕೆಳಗೆ, ನಿಯೋಪ್ರೀನಿಗೆ ಸುಮಾರು 40 ಡಿಗ್ರಿ ಕೆಳಗೆ.

ಇದರಲ್ಲೊಂದು ವಿಶೇಷವಿದೆ. ಮೀಥೈಲ್ ಗುಂಪು ಮತ್ತು ಕ್ಲೋರಿನ್ ಗಾತ್ರದಲ್ಲಿ ಹೆಚ್ಚುಕಡಿಮೆ ಸಮಾನ. ಆದರೂ 30 ಡಿಗ್ರಿಯ ವ್ಯತ್ಯಾಸ ಬಂತು. ಕಾರಣ, ಕ್ಲೋರಿನ್ ಇಲೆಕ್ಟ್ರಾನ್‌ಗಳನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಇದರಿಂದ ಅಕ್ಕಪಕ್ಕದ ಸರಪಳಿಗಳು ಒಂದನ್ನೊಂದು ಸ್ವಲ್ಪ ಹಿಡಿದುಕೊಳ್ಳುತ್ತವೆ. ಹಿಡಿತ ಇದ್ದಲ್ಲಿ ಹೊರಳಾಟ ನಿಧಾನ. ಅದಕ್ಕೇ ಪಾಲಿಬ್ಯುಟಡೈಯೀನಿನ ಚೆಂಡು ಬಹಳ ಎತ್ತರ ಪುಟಿಯುತ್ತದೆ, ಸಹಜ ರಬ್ಬರಿನದು ಅದಕ್ಕಿಂತ ಕಡಿಮೆ, ನಿಯೋಪ್ರೀನಿನದು ಇನ್ನೂ ಕಡಿಮೆ. ನೆಲಕ್ಕೆ ತಾಗಿದ ಕ್ಷಣಮಾತ್ರದಲ್ಲಿ ಮರಳಲಾಗದ ಸರಪಳಿಗಳು ಆ ಶಕ್ತಿಯನ್ನು ಶಾಖವಾಗಿ ಕಳೆದುಕೊಳ್ಳುತ್ತವೆ. ಚೆಂಡಿಗೆ ಇದು ಕುಂದು. ಆದರೆ ಅಲುಗಾಟವನ್ನು ನುಂಗಬೇಕಾದ ಪ್ಯಾಡಿಗೆ ಇದೇ ಗುಣ. ಜೊತೆಗೆ ಅದೇ ಕ್ಲೋರಿನ್‌ನಿಂದಾಗಿ ನಿಯೋಪ್ರೀನಿಗೆ ಎಣ್ಣೆ ಬೇಗ ಹತ್ತುವುದಿಲ್ಲ, ಬಿಸಿಲು ಮತ್ತು ಓಜೋನಿನಿಂದ ಸಹಜ ರಬ್ಬರಿನಷ್ಟು ಬೇಗ ಬಿರುಕು ಬಿಡುವುದಿಲ್ಲ.

ಕೊಂಡಿ ತಿರುಗಿರುವ ದಿಕ್ಕೂ ಮುಖ್ಯ. ಸಹಜ ರಬ್ಬರಿನಲ್ಲಿ ಕೊಂಡಿಗಳು ಸಿಸ್ ಎಂಬ ಬಾಗಿದ ರೀತಿಯಲ್ಲಿವೆ. ಅದೇ ಪರಮಾಣುಗಳು ಟ್ರಾನ್ಸ್ ಎಂಬ ನೇರವಾದ ರೀತಿಯಲ್ಲಿ ಜೋಡಿಕೊಂಡರೆ ಗಟಾಪರ್ಚಾ ಆಗುತ್ತದೆ. ಅದರ ಸರಪಳಿಗಳು ಒತ್ತೊತ್ತಾಗಿ ಹೊಂದಿಕೊಂಡು ಹರಳುಗಟ್ಟುವುದರಿಂದ ಅದು ಕೋಣೆಯ ಉಷ್ಣತೆಯಲ್ಲಿ ಗಡುಸು. ನಿಯೋಪ್ರೀನಿನಲ್ಲಿಯೂ ಹೆಚ್ಚಿನ ಕೊಂಡಿಗಳು ಟ್ರಾನ್ಸ್ ರೀತಿಯವೇ. ಆದರೆ ನಡುನಡುವೆ ಬರುವ ಬೇರೆ ರೀತಿಯ ಕೊಂಡಿಗಳು ಸಾಲು ತಪ್ಪಿಸಿ ಹರಳುಗಟ್ಟುವುದನ್ನು ತಡಮಾಡುತ್ತವೆ. ತಯಾರಿಸುವಾಗ ಉಷ್ಣತೆಯನ್ನು ತಗ್ಗಿಸಿದಷ್ಟೂ ಟ್ರಾನ್ಸ್ ಕೊಂಡಿಗಳು ಹೆಚ್ಚಾಗಿ ವಸ್ತು ಬೇಗ ಹರಳುಗಟ್ಟುತ್ತದೆ. ಚಪ್ಪಲಿ, ಪೀಠೋಪಕರಣಗಳಿಗೆ ಬಳಸುವ ಒಂದು ಜಾತಿಯ ಅಂಟಿಗೆ ಬೇಕಾದುದು ಈ ಗುಣವೇ.

ಇನ್ನು ಸರಪಳಿಯ ಉದ್ದ. ಸಿಕ್ಕುಬಿದ್ದ ಬಲೆಯ ನೂಲು ಉದ್ದವಾದಷ್ಟೂ ಬಿಡಿಸುವುದು ಕಷ್ಟ ಎಂದು ಮೀನುಗಾರರಿಗೆ ಹೇಳಿಕೊಡಬೇಕಾಗಿಲ್ಲ. ಸರಪಳಿಯ ಉದ್ದ ಎರಡು ಪಟ್ಟಾದರೆ ಸಿಕ್ಕಿನಿಂದ ಜಾರಿ ಸಡಿಲಗೊಳ್ಳಲು ಹಿಡಿಯುವ ಸಮಯ ಸುಮಾರು ಹತ್ತು ಪಟ್ಟಾಗುತ್ತದೆ. ಸರಪಳಿಯು ಹಾವಿನಂತೆ ತನ್ನ ದಾರಿಯಲ್ಲೇ ಹಿಂದೆಮುಂದೆ ಜಾರುತ್ತದೆ ಎಂದು 1971ರಲ್ಲಿ ಫ್ರಾನ್ಸಿನ ಪಿಯರ್ ಜಿಲ್ ದ ಜೆನ್ ವಿವರಿಸಿದರು. ಸರಪಳಿಗೆ ಉದ್ದನೆಯ ಕೊಂಬೆಗಳಿದ್ದರೆ ಹಾಗೆ ಜಾರಲು ಆಗದು. ಆಗ ಸಡಿಲಗೊಳ್ಳುವಿಕೆ ಇನ್ನೂ ನಿಧಾನ. ಸರಪಳಿಗಳನ್ನು ಅಲ್ಲಲ್ಲಿ ಒಂದಕ್ಕೊಂದು ಬೆಸೆದುಬಿಟ್ಟರೆ ಅವು ಜಾರಿ ದೂರ ಹೋಗುವುದೇ ಇಲ್ಲ, ಎಳೆದು ಬಿಟ್ಟಾಗ ಮೂಲ ಆಕಾರಕ್ಕೆ ಮರಳುತ್ತವೆ. ಸಹಜ ರಬ್ಬರಿಗೆ ಈ ಬೆಸುಗೆಯನ್ನು ಗಂಧಕದಿಂದ ಹಾಕಿದರೆ, ನಿಯೋಪ್ರೀನಿಗೆ ಸಾಮಾನ್ಯವಾಗಿ ಸತುವಿನ ಮತ್ತು ಮೆಗ್ನೀಷಿಯಂ ಆಕ್ಸೈಡುಗಳಿಂದ ಹಾಕುತ್ತಾರೆ.

ಇದೆಲ್ಲ ಬರಿಯ ಪುಸ್ತಕದ ಮಾತಲ್ಲ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಸಿಡಿದು ಏಳು ಮಂದಿ ಪ್ರಾಣ ಕಳೆದುಕೊಂಡರು. ಆ ದಿನ ಬೆಳಿಗ್ಗೆ ವಿಪರೀತ ಚಳಿಯಿತ್ತು. ರಾಕೆಟ್ಟಿನ ಜೋಡಣೆಯಲ್ಲಿದ್ದ ರಬ್ಬರ್ ಉಂಗುರ ಫ್ಲೋರಿನ್ ಸೇರಿದ ಪಾಲಿಮರಿನದು. ಒತ್ತಿದ ಅದು ಚಳಿಯಲ್ಲಿ ಬೇಗನೆ ಉಬ್ಬಿ ಸಂದು ಮುಚ್ಚಲಿಲ್ಲ. ವಿಚಾರಣೆಯ ವೇಳೆ ವಿಜ್ಞಾನಿ ರಿಚರ್ಡ್ ಫೈನ್‌ಮನ್ ಅದೇ ರಬ್ಬರಿನ ತುಂಡನ್ನು ಹಿಡಿಕೆಯಲ್ಲಿ ಒತ್ತಿ ಮಂಜುಗಡ್ಡೆಯ ನೀರಿನಲ್ಲಿಟ್ಟು, ಹೊರತೆಗೆದು ಬಿಟ್ಟಾಗ ಅದು ತಡವಾಗಿ ಮರಳುವುದನ್ನು ಎಲ್ಲರೆದುರು ತೋರಿಸಿದರು. ಸರಪಳಿಗಳು ಎಷ್ಟು ಹೊತ್ತಿನಲ್ಲಿ ಮರಳುತ್ತವೆ ಎಂಬ ಸಣ್ಣ ಪ್ರಶ್ನೆಯ ಮೇಲೆ ಏಳು ಜೀವಗಳು ನಿಂತಿದ್ದವು.

ವ್ರತ ಮತ್ತು ಹಣ

ನಿಯೋಪ್ರೀನ್ ಮಾರುಕಟ್ಟೆಗೆ ಬಂದಾಗ ವಂ. ನ್ಯೂಲ್ಯಾಂಡ್ ಶ್ರೀಮಂತರಾಗಬಹುದಿತ್ತು. ಆದರೆ ಅವರು ಬಡತನದ ವ್ರತ ಸ್ವೀಕರಿಸಿದವರು. ಪೇಟೆಂಟಿನಿಂದ ಬಂದ ಗೌರವಧನ ಅವರ ಕೈಗೆ ಬರದೆ ನೊಟ್ರೆಡೇಮ್ ವಿಶ್ವವಿದ್ಯಾನಿಲಯಕ್ಕೆ ಸಂದಿತು. ಅವರು ಹಿಂದಿನಂತೆಯೇ ಪಾಠ, ಪ್ರಯೋಗ, ಪ್ರಾರ್ಥನೆಗಳಲ್ಲಿ ಉಳಿದರು. 1935ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞರು ಅವರಿಗೆ ನಿಕೋಲ್ಸ್ ಪದಕ ನೀಡಿ ಗೌರವಿಸಿದರು.

1936ರ ಜೂನ್ 11ರಂದು, ತಾವು ಸಂಶೋಧನೆ ಆರಂಭಿಸಿದ ವಾಷಿಂಗ್ಟನ್ನಿನ ಕಥೋಲಿಕ ವಿಶ್ವವಿದ್ಯಾನಿಲಯಕ್ಕೆ ಭೇಟಿ ನೀಡಿದ್ದಾಗ ಹೃದಯಾಘಾತದಿಂದ ಅವರು ದೇವರಲ್ಲಿ ಐಕ್ಯರಾದರು. ಆಗ ಅವರಿಗೆ 58 ವರ್ಷ. ನೊಟ್ರೆಡೇಮಿನಲ್ಲಿ ಹೋಲಿಕ್ರಾಸ್ ಸಂಸ್ಥೆಯ ಸಮಾಧಿಭೂಮಿಯಲ್ಲಿ ಅವರನ್ನು ಭೂಸ್ಥಾಪನೆ ಮಾಡಲಾಯಿತು. ಅಲ್ಲಿನ ವಿಜ್ಞಾನ ಕಟ್ಟಡಕ್ಕೆ ಅವರ ಹೆಸರಿಡಲಾಗಿದೆ. 1996ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧಕರ ಗೌರವಪಟ್ಟಿಯಲ್ಲಿ ಅವರ ಹೆಸರು ಸೇರಿತು.

ಅವರು ತೀರಿಹೋದ ಆರು ವರ್ಷಗಳಲ್ಲಿ, ಎರಡನೆಯ ಮಹಾಯುದ್ಧದ ವೇಳೆ, ಆಗ್ನೇಯ ಏಷ್ಯಾದ ರಬ್ಬರ್ ತೋಟಗಳು ಜಪಾನಿನ ವಶವಾದಾಗ ನಿಯೋಪ್ರೀನ್ ಬಹಳ ಕೆಲಸಕ್ಕೆ ಬಂತು. ಅದೇ ಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಲೂಯಿಸೈಟ್ ವಿಷಕ್ಕೆ ಪ್ರತಿಮದ್ದನ್ನು ಕಂಡುಹಿಡಿಯಲಾಯಿತು. ಆ ಮದ್ದು ಮುಂದೆ ಆರ್ಸೆನಿಕ್ ಮತ್ತು ಇತರ ಕೆಲವು ಲೋಹಗಳ ವಿಷಕ್ಕೆ ತುತ್ತಾದ ರೋಗಿಗಳ ಚಿಕಿತ್ಸೆಗೂ ಬಳಕೆಯಾಯಿತು. ಯುವ ಗುರುಗಳು ಕೈಬಿಟ್ಟ ವಿಷದ ಬೆನ್ನಿಗೆ ಹೀಗೆ ಒಂದು ಮದ್ದೂ ಬಂತು.

ವಂ. ನ್ಯೂಲ್ಯಾಂಡ್ ಅವರ ಬದುಕಿನಿಂದ ನಮಗೆ ಸಿಗುವ ಪಾಠ ಸರಳವಾದದ್ದು. ಅವರು ಬಯಸಿದ ವಿಷಯದ ಬದಲು ಬೇರೆ ವಿಷಯ ಬೋಧಿಸಲು ಹೇಳಿದಾಗ ಅದನ್ನೂ ಪ್ರೀತಿಯಿಂದ ಮಾಡಿದರು. ಒಂದು ವಾಸನೆಯ ಗುಟ್ಟು ತಿಳಿಯಲು ಹದಿನಾಲ್ಕು ವರ್ಷ ಕಾದರು. ಹಾನಿ ಎಂದು ಕಂಡದ್ದನ್ನು ಬಿಟ್ಟರು, ಲಾಭ ಬಂದಾಗ ತಮಗಾಗಿ ಇಟ್ಟುಕೊಳ್ಳಲಿಲ್ಲ. ನಮ್ಮ ಧರ್ಮಕೇಂದ್ರಗಳ ಶಾಲಾ ಕಾಲೇಜುಗಳಲ್ಲಿ ವಿಜ್ಞಾನ ಕಲಿಸುವ ಗುರುಗಳಿಗೆ, ಧರ್ಮಭಗಿನಿಯರಿಗೆ, ಶಿಕ್ಷಕರಿಗೆ ಅವರ ಹೆಸರು ಪರಿಚಿತವಾಗಲಿ. ಮುಂದಿನ ಸಲ ಮಕ್ಕಳು ರಬ್ಬರ್ ಬ್ಯಾಂಡ್ ಎಳೆದು ಬಿಡುವಾಗ ಅದು ಏಕೆ ಮರಳಿತು ಎಂದು ಅವರನ್ನು ಕೇಳೋಣ, ಉತ್ತರ ಹೇಳುತ್ತಾ ಈ ಧರ್ಮಗುರುವಿನ ಕಥೆಯನ್ನೂ ಹೇಳೋಣ.